ಎರಡು ಸಾಲಿನ ಸೌಜನ್ಯ

ಮೊನ್ನೆ ಕಲಬುರಗಿಯ ಮೋಮಿನಪುರದಲ್ಲಿ ತಾಯಿಯೊಬ್ಬಳು ಚೀಟಿಯೊಂದನ್ನು ನನ್ನ ಮುಂದೆ ಹಿಡಿದು, "ಇದರಾಗ ಏನ್ ಬರದಾರ್ರಿ, ಸರ್?" ಎಂದಳು. ಮಗನ ಶಾಲೆಯಲ್ಲಿ ಪಾಲಕರ ಸಭೆಯೆಂಬ ಕರೆ ಅದು. ಸಭೆ ಹಿಂದಿನ ದಿನವೇ ಮುಗಿದಿತ್ತು. ಆಕೆ ನಿರಕ್ಷರಿಯಲ್ಲ, ಉರ್ದುವನ್ನು ಸರಾಗವಾಗಿ ಓದಬಲ್ಲವಳು. ಚೀಟಿ ಕನ್ನಡದಲ್ಲಿತ್ತು.

ನಿಜಾಮರ ಕಾಲದಲ್ಲಿ ಇದೇ ಊರಿನ ಕನ್ನಡಿಗರು ಕಚೇರಿಯ ಉರ್ದು ಕಾಗದ ಹಿಡಿದು ಓದಿ ಹೇಳುವವರನ್ನು ಅರಸಬೇಕಾಗುತ್ತಿತ್ತು. ಆ ಕಷ್ಟ ಬಲ್ಲ ನಾವು ಇನ್ನೊಬ್ಬರಿಗೆ ಅದನ್ನು ಒಡ್ಡಬಾರದು. ಕಲಬುರಗಿ ಮೈಸೂರು ರಾಜ್ಯವನ್ನು ಸೇರಿದ 1956ರಲ್ಲಿಯೇ ಸಂವಿಧಾನಕ್ಕೆ 350ಎ ವಿಧಿ ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ಹೇಳಿತು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಸರಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟಿನಲ್ಲಿ ಅರ್ಧದಷ್ಟು ಸ್ತ್ರೀಯರು ಇರತಕ್ಕದ್ದು. ಕಾಯಿದೆ ಮಣೆ ಹಾಕಿದೆ. ಮನೆಮನೆಗೆ ಹೋಗಿ ಕರೆಯಬೇಕಾದುದು ಶಾಲೆ. ಚೀಟಿಯ ಕೆಳಗೆ ಉರ್ದುವಿನಲ್ಲಿ ಎರಡು ಸಾಲು ಬರೆದರೆ ಕನ್ನಡಕ್ಕೆ ಯಾವ ಊನವೂ ಇಲ್ಲ.

"ಸಭೆಯಲ್ಲಿ ಏನು ಕೇಳುವುದಿತ್ತಮ್ಮಾ?" ಎಂದೆ.

"ಹುಡುಗ ಕನ್ನಡ ಓದೋದ್ರಾಗ ಹ್ಯಾಂಗಿದ್ದಾನ ಅಂತ ಕೇಳಬೇಕಿತ್ರಿ" ಎಂದಳು.