ತುಂಬದ ಗುಂಡಿ ಹೆಮ್ಮೆಯ ವಿಷಯವಲ್ಲ

“ನಮ್ಮ ಶೌಚಾಲಯದ ಗುಂಡಿ ಕಟ್ಟಿಸಿ ಹನ್ನೆರಡು ವರ್ಷ ಆಯಿತು, ಒಮ್ಮೆಯೂ ಖಾಲಿ ಮಾಡಿಸಿಲ್ಲ” ಎಂದು ಅಭಿಮಾನದಿಂದ ಹೇಳುವವರಿದ್ದಾರೆ. ಕೇಳಿದವರು ಮೇಸ್ತ್ರಿಯ ಕೈಗುಣ ಹೊಗಳುತ್ತಾರೆ. ನನಗಂತೂ ಅದು ಚಿಂತಿಸಬೇಕಾದ ಮಾತಾಗಿ ಕಾಣುತ್ತದೆ. ಐದಾರು ಜನರ ಮನೆಯ ಮಲ ಇಷ್ಟು ವರ್ಷ ಎಲ್ಲಿಗೆ ಹೋಯಿತು? ತಳಕ್ಕೆ ಕಾಂಕ್ರೀಟ್ ಇಲ್ಲದ ಗುಂಡಿಯಾದರೆ ನೆಲದೊಳಗಿನ ನೀರಿಗೆ, ಅಲ್ಲಿಂದ ಪಕ್ಕದ ಕೊಳವೆಬಾವಿಗೆ. ಸೆಪ್ಟಿಕ್ ಟ್ಯಾಂಕ್ ಆದರೆ ತಳದ ಕೆಸರು ಏರುತ್ತಾ ಹೊರಪೈಪಿನಿಂದ ಬೀದಿಯ ಚರಂಡಿಗೆ. ಅದೂ ಕಟ್ಟಿಕೊಂಡರೆ, ಮನೆ ತುಂಬ ನೆಂಟರಿರುವ ದಿನವೇ ನಮ್ಮ ಬಚ್ಚಲಿಗೆ ವಾಪಸ್ ಬರುತ್ತದೆ.

ಸೆಪ್ಟಿಕ್ ಟ್ಯಾಂಕಿನಿಂದ ಹೊರಹೋಗಬೇಕಾದದ್ದು ತಿಳಿನೀರು ಮಾತ್ರ. ಕೆಸರು ಒಳಗೇ ಉಳಿಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ತೆಗೆಸಲೇಬೇಕು.

ಸಿಂಧನೂರು ತಾಲ್ಲೂಕಿನ ಮುಕ್ಕುಂದದ ಸುತ್ತಮುತ್ತಲಿನವರಿಗೆ ಇನ್ನೊಂದು ತೊಡಕಿದೆ. ಈ ಸೀಮೆಯ ಎರೆ ಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ, ನೆನೆದಾಗ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದು ಭತ್ತದ ಗದ್ದೆಗಳು ತುಂಬಿದರೆ ನೆಲದ ನೀರಿನ ಮಟ್ಟವೂ ಏರುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿದ್ದ ಇಂಗುಗುಂಡಿ ಆಗ ನೀರು ಕುಡಿಯುವುದಿಲ್ಲ. ಇದಕ್ಕೆ ಆಸಿಡ್ ಸುರಿದರೆ ಪ್ರಯೋಜನವಿಲ್ಲ. ಮಲವನ್ನು ಕರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಅಷ್ಟೆ. ಗುಂಡಿಗೆ ಹೋಗುವ ನೀರನ್ನು ಕಡಿಮೆ ಮಾಡಬೇಕು. ಮಾಳಿಗೆಯ ಮಳೆನೀರನ್ನು ಅದಕ್ಕೆ ಜೋಡಿಸಬಾರದು. ವುಝೂ ಮತ್ತು ಸ್ನಾನದ ನೀರಿಗೆ ಬೇರೆ ಪೈಪ್ ಹಾಕಿ ಬಾಳೆ, ತೆಂಗಿನ ಬುಡಕ್ಕೆ ಬಿಡಬಹುದು.

ಹಳೆಯ ರಸ್ತೆಯನ್ನು ಅಗೆಯದೆ ಅದರ ಮೇಲೆಯೇ ಸಿಸಿ ರಸ್ತೆ ಹಾಕುವುದರಿಂದ ಎಷ್ಟೋ ಮನೆಗಳು ಬೀದಿಗಿಂತ ತಗ್ಗಾಗಿವೆ. ಜೋರು ಮಳೆಯಲ್ಲಿ ಚರಂಡಿ ತುಂಬಿದರೆ ನೀರು ಪೈಪಿನೊಳಗೆ ಹಿಂದಕ್ಕೆ ನುಗ್ಗುತ್ತದೆ. ಅಂಥವರು, ಒಳಚರಂಡಿ ಇರುವ ಪಟ್ಟಣದವರೂ ಸಹ, ಹೊರಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಬೇಕು. ಅದನ್ನು ಆಗಾಗ ತೊಳೆಯಬೇಕು. ಒಂದು ಬಟ್ಟೆಚೂರು ಸಿಕ್ಕಿಕೊಂಡರೂ ಅದು ಮುಚ್ಚುವುದಿಲ್ಲ.

ಇನ್ನು ಅಡುಗೆಮನೆ. ಬಿರಿಯಾನಿ ಡೇಗೆ ತೊಳೆದ ಬಿಸಿನೀರಿನ ಜೊತೆ ಹೋದ ಕೊಬ್ಬು ಪೈಪಿನೊಳಗೆ ತಣ್ಣಗಾಗಿ ಮೇಣದಂತೆ ಅಂಟುತ್ತದೆ. ಮೊದಲು ಕಾಗದದಿಂದ ಒರೆಸಿ, ಆಮೇಲೆ ತೊಳೆಯಿರಿ. ಬಕ್ರೀದಿನ ಕರುಳು, ಕೊಬ್ಬು ಮಣ್ಣಿನಡಿ ಹೋಗಬೇಕು, ಮೋರಿಗಲ್ಲ. ಪ್ಯಾಡ್, ಡೈಪರ್‌ಗಳನ್ನು ಕಮೋಡಿಗೆ ಹಾಕುವುದು ಹೆಣ್ಣುಮಕ್ಕಳ ತಪ್ಪು ಎಂದು ಬೈಯುವ ಗಂಡಸರು, ಬಚ್ಚಲಲ್ಲಿ ಮುಚ್ಚಳವಿರುವ ಒಂದು ಬುಟ್ಟಿ ಇಟ್ಟಿದ್ದೇವೆಯೇ ಎಂದು ನೋಡಲಿ.

ಜನರು ನಡೆಯುವ ದಾರಿಯನ್ನೂ ನೀರಿನ ತಾಣವನ್ನೂ ಮಲದಿಂದ ಕೆಡಿಸುವುದು ಶಾಪ ತರುವ ಕೆಲಸವೆಂದು ಪ್ರವಾದಿ(ಸ)ಯವರು ಎಚ್ಚರಿಸಿದ್ದಾರೆ. ಟ್ಯಾಂಕಿನ ಕೆಸರನ್ನು ಬೀದಿಗೆ ಬಿಡುವುದು ಅದಕ್ಕಿಂತ ಹೇಗೆ ಬೇರೆ? 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ಕುಡಿಯುವ ನೀರಿನಿಂದ ಜನ ಪ್ರಾಣ ಕಳೆದುಕೊಂಡದ್ದನ್ನು ನಮ್ಮ ಜಿಲ್ಲೆ ಮರೆಯಬಾರದು.

ಕಟ್ಟಿಕೊಂಡ ಮೇಲೆ ಯಾರನ್ನೋ ಕರೆದು ಗುಂಡಿಗೆ ಇಳಿಸುವುದಂತೂ ಕೂಡದು. 2013ರ ಕಾನೂನಿನಲ್ಲಿ ಅದು ಅಪರಾಧ. ಅಲ್ಲಿನ ವಿಷಾನಿಲಕ್ಕೆ ಮನುಷ್ಯ ಕ್ಷಣದಲ್ಲಿ ಕುಸಿಯುತ್ತಾನೆ, ಎತ್ತಲು ಇಳಿದವನೂ ಉಳಿಯುವುದಿಲ್ಲ. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೋದ ಜೀವ ಅದರಿಂದ ಬರುವುದಿಲ್ಲ. ಸಕ್ಕಿಂಗ್ ಟ್ಯಾಂಕರನ್ನೇ ಕರೆಸಿ.

ಹಳ್ಳಿಗೆ ಟ್ಯಾಂಕರ್ ಬರುವ ಖರ್ಚು ಹೆಚ್ಚೆನಿಸಿದರೆ ಏಳೆಂಟು ಮನೆಯವರು ಸೇರಿ ಒಂದೇ ದಿನ ಕರೆಸಬಹುದು. ಮಸೀದಿಯ ಜಮಾಅತ್ ಸಮಿತಿ ಇದನ್ನು ವಹಿಸಿಕೊಂಡರೆ ಇನ್ನೂ ಸುಲಭ. ತುಂಬಿಕೊಂಡದ್ದನ್ನು ಎಲ್ಲಿ ಸುರಿಯುತ್ತೀರಿ ಎಂದು ಚಾಲಕನನ್ನು ಮೊದಲೇ ಕೇಳಿ. ಹಳ್ಳಕ್ಕೆ ಎಂದರೆ ಬೇರೆಯವರನ್ನು ಕರೆಸಿ. ಅಂಗಳಕ್ಕೆ ಹೊಸ ಟೈಲ್ಸ್ ಹಾಕಿಸುವವರು ಟ್ಯಾಂಕಿನ ಮುಚ್ಚಳದ ಜಾಗ ಬಿಟ್ಟು ಹಾಕಿಸಿ.