ಗರ್ಭಪಾತದ ನಂತರ ‘ಕೆರೆದು ಕ್ಲೀನ್’ ಮಾಡಿಸಲೇಬೇಕೇ?

ಗರ್ಭಪಾತವಾದ ಮೇಲೆ ಡಿ ಅಂಡ್ ಸಿ ಮಾಡಿಸದಿದ್ದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ನಿಜವೇ?

ಅಪೂರ್ಣ ಗರ್ಭಪಾತ ಎಂದರೇನು?
ಗರ್ಭ ತಾನಾಗಿಯೇ ಹೋಗಿರಲಿ, ಮಾತ್ರೆಯಿಂದ ಹೋಗಿರಲಿ, ಕೆಲವೊಮ್ಮೆ ಅದರ ಭಾಗ ಒಳಗೇ ಉಳಿಯುತ್ತದೆ. ಆಗ ರಕ್ತಸ್ರಾವ ಮುಂದುವರಿಯಬಹುದು, ಸೋಂಕು ತಗುಲಬಹುದು. ಸ್ವಲ್ಪವೇ ಉಳಿದಿದ್ದರೆ ತಾನಾಗಿ ಅಥವಾ ವೈದ್ಯರು ಕೊಡುವ ಮಾತ್ರೆಯಿಂದ ಹೊರಬರಬಹುದು. ಹಾಗಾಗಿ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ.

ಕೆರೆಯುವುದೋ, ಹೀರುವುದೋ?
ಡಿ ಅಂಡ್ ಸಿಯಲ್ಲಿ ಲೋಹದ ಉಪಕರಣದಿಂದ ಗರ್ಭಕೋಶದ ಒಳಪದರವನ್ನು ಕೆರೆಯುತ್ತಾರೆ. ಇದರಲ್ಲಿ ನೋವು, ರಕ್ತಸ್ರಾವ, ಗರ್ಭಕೋಶಕ್ಕೆ ಗಾಯವಾಗುವ ಅಪಾಯ ಹೆಚ್ಚು. ಎಂವಿಎ ವಿಧಾನದಲ್ಲಿ ದೊಡ್ಡ ಸಿರಿಂಜ್‌ಗೆ ಜೋಡಿಸಿದ ಪ್ಲಾಸ್ಟಿಕ್ ನಳಿಕೆಯಿಂದ ಉಳಿದದ್ದನ್ನು ಹೀರಿ ತೆಗೆಯುತ್ತಾರೆ. ಇದಕ್ಕೆ ಕರೆಂಟ್ ಬೇಡ. ಸಾಮಾನ್ಯವಾಗಿ ಪೂರ್ತಿ ಪ್ರಜ್ಞೆ ತಪ್ಪಿಸಬೇಕಾಗಿಲ್ಲ, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ದೊಡ್ಡ ಆಪರೇಷನ್ ಥಿಯೇಟರ್ ಇಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ತರಬೇತಿ ಪಡೆದವರು ಇದನ್ನು ಮಾಡಬಹುದು. ಡಿ ಅಂಡ್ ಸಿ ಹಳೆಯದಾದ ವಿಧಾನ, ಅದರ ಬದಲು ಹೀರುವ ವಿಧಾನ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೇಳಿದೆ.

ಯಾವಾಗ ತಡ ಮಾಡಬಾರದು?
ಸತತ ಎರಡು ಗಂಟೆ, ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆದರೆ, ಜ್ವರ, ದುರ್ವಾಸನೆಯ ಸ್ರಾವ, ತಲೆಸುತ್ತು, ತೀವ್ರ ಹೊಟ್ಟೆನೋವು ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮನೆಮದ್ದು ನಂಬಿ ಕಾಯಬೇಡಿ. ಮಾತ್ರೆ ತೆಗೆದುಕೊಂಡಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಹೇಳಿ.

ಸಾರಾಂಶ: ಡಿ ಅಂಡ್ ಸಿ ಕಡ್ಡಾಯ ಎಂಬುದು ತಪ್ಪು. ಬೇರೆ ದಾರಿ ಇದೆಯೇ ಎಂದು ವೈದ್ಯರನ್ನು ಧೈರ್ಯವಾಗಿ ಕೇಳಿ.