ಹಳೆಯ ಗಣಕಯಂತ್ರ: ಎಸೆಯುವ ಮುನ್ನ ಕೊರತೆಯ ಪರೀಕ್ಷೆ

ಮಲೆನಾಡಿನ ಅನೇಕ ಮನೆಗಳ ಮೂಲೆಯಲ್ಲಿ ಹತ್ತು ಹನ್ನೆರಡು ವರ್ಷ ಹಳೆಯದಾದ ಗಣಕಯಂತ್ರವೊಂದು ಬಟ್ಟೆ ಹೊದ್ದು ಕುಳಿತಿದೆ. ಹಿರಿಯ ಮಗನ ಓದಿಗೆಂದು ಕೊಂಡದ್ದು, ಇಲ್ಲವೇ ಯಾವುದೋ ಕಚೇರಿಯಿಂದ ಹೊರಬಿದ್ದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳ ಮೂಲಕ ಊರು ಸೇರಿದ್ದು. ಕಾಲೇಜಿಗೆ ಹೋಗುವ ಕಿರಿಯರು ಅದರಲ್ಲಿ ಆಟವಾಡಲು ಬಯಸುತ್ತಾರೆ, ಆಟ ತಡವರಿಸುತ್ತದೆ. ಆಗ ಮನೆಯಲ್ಲಿ ಎರಡು ಮಾತುಗಳು ಹುಟ್ಟುತ್ತವೆ. ‘ಇದು ಗುಜರಿಗೇ ಸರಿ, ಹೊಸದು ಕೊಡಿಸಿ’ ಎಂಬುದು ಒಂದು. ‘ಆಟಕ್ಕೆಂದು ಬಿಡಿಗಾಸೂ ಇಲ್ಲ’ ಎಂಬುದು ಇನ್ನೊಂದು. ಮೊದಲನೆಯದು ದುಂದು, ಎರಡನೆಯದು ಎಳೆಯರ ಸಹಜ ಬಯಕೆಗೆ ಕುರುಡು. ಇವೆರಡರ ನಡುವೆ ವಿವೇಕದ ದಾರಿಯೊಂದಿದೆ.

ಬೇಸಾಯ ಬಲ್ಲವರಿಗೆ ಆ ದಾರಿ ಅಪರಿಚಿತವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ಪ್ರಚುರಪಡಿಸಿದ ‘ಕನಿಷ್ಠ ನಿಯಮ’ ಹೇಳುವುದು ಇಷ್ಟೇ: ಬೆಳೆಯ ಇಳುವರಿಯನ್ನು ನಿರ್ಧರಿಸುವುದು ಹೇರಳವಾಗಿರುವ ಪೋಷಕಾಂಶವಲ್ಲ, ಅತ್ಯಂತ ಕೊರತೆಯಿರುವುದು. ಪೊಟ್ಯಾಷ್ ಕಡಿಮೆಯಿರುವ ತೋಟಕ್ಕೆ ಎಷ್ಟು ಯೂರಿಯಾ ಸುರಿದರೂ ಫಸಲು ಏರದು. ಗಣಕಯಂತ್ರದ ಸ್ಥಿತಿಯೂ ಇದೇ. ಪ್ರೊಸೆಸರ್, ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್, ಹಾರ್ಡ್‌ಡಿಸ್ಕ್ ಇವುಗಳಲ್ಲಿ ಯಾವುದು ಹಿಂದುಳಿದಿದೆಯೋ ಅದರ ವೇಗವೇ ಇಡೀ ಯಂತ್ರದ ವೇಗ. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕುವುದು ಎಷ್ಟು ಅವಿವೇಕವೋ, ಕೊರತೆಯನ್ನು ಗುರುತಿಸದೆ ಬಿಡಿಭಾಗ ಕೊಳ್ಳುವುದೂ ಅಷ್ಟೇ ಅವಿವೇಕ.

ಪರೀಕ್ಷೆಗೆ ಕಾಸು ಬೇಕಿಲ್ಲ. ಆಟವನ್ನು ನಡೆಸುತ್ತಲೇ ವಿಂಡೋಸ್‌ನಲ್ಲಿರುವ ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರತಿ ಭಾಗದ ಮೇಲೆ ಬೀಳುತ್ತಿರುವ ಹೊರೆ ಕಾಣುತ್ತದೆ. ಗ್ರಾಫಿಕ್ಸ್ ನೂರಕ್ಕೆ ನೂರು ದುಡಿಯುತ್ತ ಪ್ರೊಸೆಸರ್ ಬಿಡುವಾಗಿದ್ದರೆ ಕೊರತೆ ಗ್ರಾಫಿಕ್ಸ್‌ನದು. ಪ್ರೊಸೆಸರ್ ಏದುಸಿರು ಬಿಡುತ್ತಿದ್ದು ಗ್ರಾಫಿಕ್ಸ್ ಅರ್ಧ ಸುಮ್ಮನಿದ್ದರೆ, ದುಬಾರಿ ಕಾರ್ಡ್ ತಂದರೂ ಫಲವಿಲ್ಲ. ರ್‍ಯಾಮ್ ತುಂಬಿ ಹಾರ್ಡ್‌ಡಿಸ್ಕ್ ಎಡೆಬಿಡದೆ ಓಡುತ್ತಿದ್ದರೆ ಕೊರತೆ ರ್‍ಯಾಮ್‌ನದು. ಇದಕ್ಕೂ ಮೊದಲು ಪೆಟ್ಟಿಗೆ ಬಿಚ್ಚಿ ಧೂಳು ತೆಗೆದು, ಪ್ರೊಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಬೇಕು. ಕಾವೇರಿದ ಯಂತ್ರ ತನ್ನ ರಕ್ಷಣೆಗಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆಟದ ಚಿತ್ರದ ಅಳತೆಯನ್ನು ೧೯೨೦×೧೦೮೦ರಿಂದ ೧೨೮೦×೭೨೦ಕ್ಕೆ ಇಳಿಸಿದರೆ ಬಿಡಿಸಬೇಕಾದ ಬಿಂದುಗಳು ಸುಮಾರು ೨೦.೭ ಲಕ್ಷದಿಂದ ೯.೨ ಲಕ್ಷಕ್ಕಿಳಿಯುತ್ತವೆ. ಇದು ಖರ್ಚಿಲ್ಲದ ಲಾಭ.

ಬಳಿಕವೇ ಖರೀದಿಯ ಮಾತು. ೨೦೧೩ರಲ್ಲಿ ಬಂದ ನಾಲ್ಕನೆಯ ತಲೆಮಾರಿನ ಇಂಟೆಲ್ ಐ೫ ಯಂತ್ರವನ್ನೇ ನೋಡಬಹುದು. ಅದರಲ್ಲಿ ೪ ಜಿಬಿ ರ್‍ಯಾಮ್ ಇದ್ದರೆ ೮ ಜಿಬಿಯ ಎರಡು ಬಳಸಿದ ಡಿಡಿಆರ್೩ ಪಟ್ಟಿಗಳನ್ನು ಹಾಕುವುದು ಯೋಗ್ಯ. ಜೋಡಿಯಾಗಿ ಹಾಕಿದಾಗ ಮಾಹಿತಿ ಹರಿಯುವ ದಾರಿಯೂ ಇಮ್ಮಡಿಯಾಗುತ್ತದೆ. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದರೆ ಯಂತ್ರ ಬೇಗ ಎಚ್ಚರಗೊಳ್ಳುತ್ತದೆ, ಆದರೆ ಆಟದ ಚಿತ್ರಗಳ ಓಟ ಹೆಚ್ಚುವುದಿಲ್ಲ. ಆ ಓಟಕ್ಕೆ ಬೇಕಾದದ್ದು ಗ್ರಾಫಿಕ್ಸ್ ಕಾರ್ಡ್. ಮದರ್‌ಬೋರ್ಡಿನ ಗ್ರಾಫಿಕ್ಸ್ ಸ್ಲಾಟ್ ೭೫ ವ್ಯಾಟ್‌ಗಿಂತ ಹೆಚ್ಚು ಕೊಡಲಾರದು. ಅಷ್ಟರಲ್ಲೇ ದುಡಿಯುವ ಕಾರ್ಡ್‌ಗೆ ಬೇರೆ ತಂತಿ ಬೇಕಿಲ್ಲ. ೨೦೧೯ರ ಜಿಟಿಎಕ್ಸ್ ೧೬೫೦ರ ಹಲವು ಮಾದರಿಗಳು ಇಂಥವು. ಜಿಟಿಎ ೫ರಂಥ ಆಟವನ್ನು ಅವು ಹಗುರವಾಗಿ ನಡೆಸುತ್ತವೆ. ಜಿಟಿಎಕ್ಸ್ ೧೦೫೦ ಟಿಐ ಇನ್ನೂ ಅಗ್ಗವಾದರೂ ಅದರ ತಲೆಮಾರಿಗೆ ಹೊಸ ಆಟಗಳ ಚಾಲಕ ತಂತ್ರಾಂಶವನ್ನು ತಯಾರಕರು ೨೦೨೫ರಲ್ಲಿ ನಿಲ್ಲಿಸಿದರು. ೨೦೨೨ರ ಆರ್‌ಎಕ್ಸ್ ೬೪೦೦ ಹಳೆಯ ಬೋರ್ಡ್‌ಗಳಲ್ಲಿ ತನ್ನ ಪೂರ್ಣ ಶಕ್ತಿ ತೋರದು. ಸಣ್ಣ ಪೆಟ್ಟಿಗೆಯ ಕಚೇರಿ ಯಂತ್ರಕ್ಕೆ ಗಿಡ್ಡ ಕಾರ್ಡ್ ಮಾತ್ರ ಹಿಡಿಸುತ್ತದೆಂಬುದನ್ನು ಅಳತೆ ನೋಡಿಯೇ ಕೊಳ್ಳಬೇಕು. ಬಳಸಿದ ಕಾರ್ಡ್ ಆದರೆ, ಅಂಗಡಿಯಲ್ಲೇ ಅರ್ಧ ಗಂಟೆ ಆಟ ಓಡಿಸಿ ತೋರಿಸುವಂತೆ ಕೇಳಲು ಸಂಕೋಚಪಡಬಾರದು.

ಉಳಿತಾಯ ಸಲ್ಲದ ಭಾಗ ಒಂದಿದೆ: ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್. ಅಗ್ಗದ ಪೆಟ್ಟಿಗೆಯ ಮೇಲೆ ಬರೆದ ವ್ಯಾಟ್ ಸಂಖ್ಯೆ ಎಷ್ಟೋ ಸಲ ಬರಹವಷ್ಟೇ. ಪಂಪ್‌ಸೆಟ್ ಚಾಲೂ ಆದೊಡನೆ ವೋಲ್ಟೇಜ್ ಕುಸಿಯುವ, ಮುಂಗಾರಿಗೆ ಮುನ್ನ ಸಿಡಿಲು ಕುಣಿಯುವ ನಾಡಿನಲ್ಲಿ ಕಳಪೆ ಎಸ್‌ಎಂಪಿಎಸ್ ತಾನು ಸುಡುವಾಗ ಉಳಿದವನ್ನೂ ಸುಟ್ಟೀತು. ಗುಡುಗು ಕೇಳಿದರೆ ವಿದ್ಯುತ್ ತಂತಿಯ ಜೊತೆಗೆ ಇಂಟರ್ನೆಟ್ ತಂತಿಯನ್ನೂ ಕೀಳಬೇಕು. ಮಳೆಗಾಲದಲ್ಲಿ ಯಂತ್ರವನ್ನು ದಿನಕ್ಕೊಮ್ಮೆ ನಡೆಸುವುದೇ ತೇವಕ್ಕೆ ಮದ್ದು.

ಇಷ್ಟೆಲ್ಲ ಏಕೆ ಮುಖ್ಯ? ಒಂದು ಗಣಕಯಂತ್ರ ಮತ್ತು ಅದರ ಪರದೆಯ ತಯಾರಿಕೆಗೆ ಕನಿಷ್ಠ ೨೪೦ ಕಿಲೋ ಪಳೆಯುಳಿಕೆ ಇಂಧನ, ೨೨ ಕಿಲೋ ರಾಸಾಯನಿಕ, ೧,೫೦೦ ಕಿಲೋ ನೀರು ಬೇಕಾಗುತ್ತದೆಂದು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ ೨೦೦೪ರಲ್ಲಿಯೇ ಲೆಕ್ಕ ಹಾಕಿತ್ತು. ೨೦೨೨ರಲ್ಲಿ ಜಗತ್ತು ಹುಟ್ಟಿಸಿದ ಇ-ತ್ಯಾಜ್ಯ ೬.೨ ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದಕ್ಕೆ ದಾಖಲೆಯಿರುವುದು ಶೇ. ೨೨.೩ಕ್ಕೆ ಮಾತ್ರ. ಹೀಗಿದ್ದೂ ಚೆನ್ನಾಗಿರುವ ಯಂತ್ರಗಳನ್ನು ಮುದಿಯೆಂದು ಸಾರುವುದು ನಿಂತಿಲ್ಲ. ವಿಂಡೋಸ್ ೧೦ರ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ವಿಂಡೋಸ್ ೧೧ ಇಂಥ ಹಳೆಯ ಪ್ರೊಸೆಸರ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಯಂತ್ರ ಕೆಟ್ಟದ್ದರಿಂದಲ್ಲ, ಕಂಪನಿಯ ತೀರ್ಮಾನದಿಂದ ಅವು ಗುಜರಿಯ ದಾರಿ ಹಿಡಿದಿವೆ. ಉಚಿತ ಲಿನಕ್ಸ್ ಇದಕ್ಕೆ ಉತ್ತರವಾಗಬಲ್ಲದು. ೨೦೧೮ರಲ್ಲಿ ವಾಲ್ವ್ ಸಂಸ್ಥೆ ಹೊರತಂದ ಪ್ರೋಟಾನ್ ಮೂಲಕ ವಿಂಡೋಸ್‌ನ ಅಸಂಖ್ಯ ಆಟಗಳು ಅಲ್ಲಿ ನಡೆಯುತ್ತವೆ. ವ್ಯಾಲೊರಂಟ್‌ನಂಥ ಕೆಲವು ಸ್ಪರ್ಧಾ ಆಟಗಳು ಮಾತ್ರ ನಡೆಯವು.

ಎಲ್ಲ ಹಳೆಯದನ್ನೂ ಉಳಿಸಲೇಬೇಕೆಂಬ ಹಟವೂ ಸಲ್ಲದು. ಎರಡೇ ಕೋರ್‌ಗಳ, ಡಿಡಿಆರ್೨ ಕಾಲದ ಯಂತ್ರಕ್ಕೆ ಆಟಕ್ಕಾಗಿ ಹಣ ಸುರಿಯುವುದು ಒಣಗಿದ ಮರಕ್ಕೆ ಗೊಬ್ಬರ ಹಾಕಿದಂತೆ. ಬದಲಾವಣೆಯ ವೆಚ್ಚ ಇನ್ನೂ ಹೊಸ ತಲೆಮಾರಿನ ಬಳಸಿದ ಯಂತ್ರವೊಂದರ ಅರ್ಧ ಬೆಲೆಯನ್ನು ಮೀರಿದರೆ ಅಲ್ಲಿಗೇ ನಿಲ್ಲುವುದು ಲೇಸು. ಕಳಚಿದ ಭಾಗಗಳನ್ನು ತೋಟದ ಮೂಲೆಯಲ್ಲಿ ಸುಡಬಾರದು; ತಂತಿಯ ಹೊದಿಕೆ ಉರಿದಾಗ ಹೊಮ್ಮುವ ವಿಷ ಮೊದಲು ಸೇರುವುದು ಆ ಮನೆಯವರ ಉಸಿರನ್ನೇ. ೨೦೨೩ರ ಏಪ್ರಿಲ್ ೧ರಂದು ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆ ಹೊಣೆ ತಾಲ್ಲೂಕು ಕೇಂದ್ರಗಳವರೆಗೂ ತಲುಪಬೇಕೆಂದು ಗ್ರಾಮಸಭೆಗಳು ಒತ್ತಾಯಿಸಬೇಕು.

ಊರಿನ ಯುವಕ ಸಂಘಗಳು, ಕಾಲೇಜುಗಳು ಒಂದು ಕಪಾಟನ್ನು ಇದಕ್ಕೆಂದು ಮೀಸಲಿಡಲಿ. ಒಂದು ಮನೆಯಲ್ಲಿ ಬೇಡವಾದ ರ್‍ಯಾಮ್ ಪಟ್ಟಿ ಇನ್ನೊಂದು ಮನೆಯ ಕೊರತೆಯನ್ನು ನೀಗಬಲ್ಲದು. ೨೦೨೫ರ ಕೊನೆಯಲ್ಲಿ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿಯ ಬೆಲೆ ತೀವ್ರವಾಗಿ ಏರಿದ್ದನ್ನು ಕಂಡವರಿಗೆ ಇದರ ಬೆಲೆ ತಿಳಿಯದಿರದು. ಆಟದ ಆಸೆಗಾಗಿ ಪೆಟ್ಟಿಗೆ ಬಿಚ್ಚಿದ ವಿದ್ಯಾರ್ಥಿ, ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ, ಹೇಗೆ ದುರಸ್ತಿಯಾಗುತ್ತದೆ ಎಂಬುದನ್ನು ಕಲಿಯುತ್ತಾನೆ, ಕಲಿಯುತ್ತಾಳೆ. ಕೊಂಡು ಎಸೆಯುವುದನ್ನಷ್ಟೇ ಕಲಿಸುವ ಮಾರುಕಟ್ಟೆ ಈ ಪಾಠವನ್ನು ಎಂದೂ ಹೇಳಿಕೊಡದು; ಅದನ್ನು ಹಿರಿಯರೇ ಪ್ರೋತ್ಸಾಹಿಸಬೇಕು.